ಪ್ರವೇಶ ಪರೀಕ್ಷೆಯ ಅಂಕ: ನಯವೋ, ಪ್ರಮಾಣವೋ?

ಬೀದರ ಜಿಲ್ಲೆಯ ಹುಮನಾಬಾದ್ ಸೀಮೆಗೆ ಸೇರಿದ ಕೊಡಂಬಲದಿಂದ ಇಬ್ಬರು ವಿದ್ಯಾರ್ಥಿಗಳು ಒಂದು ಬಸದಿಯ ಟ್ರಸ್ಟಿಗೆ ವಿದ್ಯಾರ್ಥಿವೇತನ ಕೋರಿ ಅರ್ಜಿ ಸಲ್ಲಿಸಿದ್ದಾರೆಂದು ಕಲ್ಪಿಸಿಕೊಳ್ಳಬಹುದು. ಇಬ್ಬರಿಗೂ ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಓದುವ ಅಪೇಕ್ಷೆ. ಇಬ್ಬರೂ ಅದಕ್ಕೆ ಅಗತ್ಯವಾದ ಪ್ರವೇಶ ಪರೀಕ್ಷೆಯನ್ನು ಬರೆದಿದ್ದಾರೆ. ಒಬ್ಬನಿಗೆ 300ಕ್ಕೆ 212 ಅಂಕ, ಇನ್ನೊಬ್ಬಳಿಗೆ 171. ಟ್ರಸ್ಟಿನ ಬೊಕ್ಕಸದಲ್ಲಿರುವ ಹಣ ಒಬ್ಬರಿಗೆ ಮಾತ್ರ ಸಾಲುತ್ತದೆ. ಮೊದಲನೆಯವನು ಹೈದರಾಬಾದಿನಲ್ಲಿ ಬಂಧುಗಳ ಮನೆಯಲ್ಲಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವನು. ಪರೀಕ್ಷೆಗೆಂದೇ ಒಂದು ವರ್ಷ ತರಬೇತಿ ಪಡೆದವನು. ಎರಡನೆಯವಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಹುಮನಾಬಾದಿನಲ್ಲಿ ಪದವಿ ಮುಗಿಸಿ, ಸಾಯಂಕಾಲ ತಂದೆಯ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಟ್ರಸ್ಟಿನ ಸಭೆಗೆ ಈ ವಿಷಯಕ್ಕೆ ಐದು ನಿಮಿಷವೂ ಹಿಡಿಯುವುದಿಲ್ಲ. 212 ದೊಡ್ಡದು, 171 ಚಿಕ್ಕದು. ಠರಾವು ಬರೆದು, ಸಹಿಗಳಾಗಿ, ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ಇಲ್ಲಿ ಯಾರೂ ಪಕ್ಷಪಾತ ಮಾಡಿಲ್ಲ; ಯಾರ ಶಿಫಾರಸೂ ನಡೆದಿಲ್ಲ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. 212 ಮತ್ತು 171 ಎಂಬ ಎರಡು ಸಂಖ್ಯೆಗಳನ್ನು ಅರಿತಾಗ ಟ್ರಸ್ಟಿಗಳು ವಾಸ್ತವವಾಗಿ ಏನನ್ನು ಅರಿತರು? ಆ ಇಬ್ಬರ ಜ್ಞಾನವನ್ನೇ? ಯೋಗ್ಯತೆಯನ್ನೇ? ಅಥವಾ ಒಂದು ದಿನದ ಒಂದೂವರೆ ಗಂಟೆಯನ್ನೇ? ತತ್ತ್ವಾರ್ಥಸೂತ್ರವು ಅರಿವಿಗೆ ಪ್ರಮಾಣ ಮತ್ತು ನಯ ಎಂಬ ಎರಡು ದಾರಿಗಳನ್ನು ಬೇರೆ ಬೇರೆಯಾಗಿ ಹೇಳುತ್ತದೆ. ವಸ್ತುವನ್ನು ಸಮಗ್ರವಾಗಿ ಗ್ರಹಿಸುವುದು ಪ್ರಮಾಣ. ಅದರ ಒಂದು ಅಂಶವನ್ನು ಒಂದು ಅಪೇಕ್ಷೆಯಿಂದ ಗ್ರಹಿಸುವುದು ನಯ. ನಯವು ಸುಳ್ಳಲ್ಲ. ಆದರೆ ಅದು ಉಳಿದ ಅಂಶಗಳನ್ನು ಅಲ್ಲಗಳೆದು ತಾನೇ ಪೂರ್ಣವೆಂದು ನಿಂತಾಗ ದುರ್ನಯವಾಗುತ್ತದೆ. ಪ್ರವೇಶ ಪರೀಕ್ಷೆಯ ಅಂಕವು ಇವುಗಳಲ್ಲಿ ಯಾವುದೆಂಬುದು ಇಂದು ಉನ್ನತ ಶಿಕ್ಷಣಕ್ಕೆ ಮಕ್ಕಳನ್ನು ಕಳುಹಿಸುವ ಪ್ರತಿಯೊಂದು ಮನೆಯೂ, ನೆರವು ನೀಡುವ ಪ್ರತಿಯೊಂದು ಸಂಸ್ಥೆಯೂ ವಿಚಾರಿಸಬೇಕಾದ ಸಂಗತಿ.

ಮೊದಲು ಈ ಪರೀಕ್ಷೆಗಳ ಪರಿಚಯ ಅವಶ್ಯ. ಪದವಿಯ ನಂತರದ ವ್ಯಾಸಂಗಕ್ಕೆ ಏಕರೂಪದ ಪರೀಕ್ಷೆಯನ್ನು ನಡೆಸುವ ಪದ್ಧತಿಯ ಪ್ರಸಿದ್ಧ ಮಾದರಿ ಅಮೆರಿಕದ ಜಿ.ಆರ್.ಇ. 1936ರಲ್ಲಿ ಕಾರ್ನೆಗಿ ಪ್ರತಿಷ್ಠಾನವೊಂದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ವಿಶ್ವವಿದ್ಯಾಲಯಗಳೊಡನೆ ಸೇರಿ ಇದನ್ನು ಪ್ರಯೋಗವಾಗಿ ಆರಂಭಿಸಿತು, 1948ರಿಂದ ಇ.ಟಿ.ಎಸ್. ಎಂಬ ಸಂಸ್ಥೆ ನಡೆಸುತ್ತ ಬಂದಿದೆ. ಭಾರತದಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶಕ್ಕಾಗಿ ಗೇಟ್ ಪರೀಕ್ಷೆ 1980ರ ದಶಕದಲ್ಲಿ ಬಂದಿತು. ಕರ್ನಾಟಕದಲ್ಲಿ ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಮೊದಲಾದವುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪಿ.ಜಿ.ಸಿ.ಇ.ಟಿ. ನಡೆಸುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ 2022ರಿಂದ ಸಿ.ಯು.ಇ.ಟಿ.-ಪಿ.ಜಿ. ಎಂಬ ಪರೀಕ್ಷೆ ಇದೆ. ಕೊಡಂಬಲದ ಆ ಇಬ್ಬರು ಬರೆದದ್ದು ಇದನ್ನೇ. ಹೆಸರುಗಳು ಹಲವು, ತತ್ತ್ವ ಒಂದೇ: ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ, ಒಂದೇ ಅವಧಿ, ಒಂದೇ ಮೌಲ್ಯಮಾಪನ. ಅಳೆಯುವವನ ಕೈ ಅಳತೆಯಲ್ಲಿ ಸೇರಬಾರದು ಎಂಬುದೇ ಅದರ ಪ್ರತಿಜ್ಞೆ.

ಈ ಪ್ರತಿಜ್ಞೆಯನ್ನು ಲಘುವಾಗಿ ಕಾಣುವಂತಿಲ್ಲ. ಪರೀಕ್ಷೆಯನ್ನು ಜರೆಯುವುದು ಇಂದು ಸುಲಭದ ಮಾತಾಗಿದೆ. ಅದು ಇಲ್ಲದಿದ್ದಾಗ ಏನಿತ್ತು ಎಂಬುದನ್ನು ಜರೆಯುವವರು ಮರೆತಿರುತ್ತಾರೆ. ಎಂ.ಬಿ.ಬಿ.ಎಸ್. ಪ್ರವೇಶದ ಒಂದು ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. ಮೀರತ್ತಿನ ವಿದ್ಯಾರ್ಥಿನಿ ಮೋಹಿನಿ ಜೈನ್ ಅವರಿಗೆ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ವರ್ಷಕ್ಕೆ 60,000 ರೂಪಾಯಿ ಶುಲ್ಕ ಕೇಳಲಾಯಿತು. ಸರಕಾರಿ ಕೋಟಾದ ಸೀಟಿಗೆ ಅಂದು ಇದ್ದ ಶುಲ್ಕ 2,000 ರೂಪಾಯಿ. ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1992ರ ಜುಲೈ 30ರಂದು ಬಂದ ತೀರ್ಪು ಕ್ಯಾಪಿಟೇಷನ್ ಶುಲ್ಕವನ್ನು ಅಸಿಂಧುವೆಂದಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಆ ನಿಲುವನ್ನು ಕೆಲಮಟ್ಟಿಗೆ ಮಾರ್ಪಡಿಸಿ, ಖಾಸಗಿ ಕಾಲೇಜುಗಳಲ್ಲಿಯೂ ಪ್ರವೇಶವು ಅರ್ಹತೆಯ ಕ್ರಮದಲ್ಲಿ ಆಗಬೇಕೆಂದು ವ್ಯವಸ್ಥೆ ಮಾಡಿತು. ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಬಂದದ್ದು ಈ ಹಿನ್ನೆಲೆಯಲ್ಲಿ. ಹಣದ ಚೀಲ ನಿಂತಿದ್ದ ಬಾಗಿಲಲ್ಲಿ ಪ್ರಶ್ನೆಪತ್ರಿಕೆ ಬಂದು ನಿಂತಿತು. ಪರೀಕ್ಷೆಗೆ ಯಾರ ಮಗನೆಂಬುದು ತಿಳಿಯದು, ಯಾವ ಓಣಿಯವಳೆಂಬುದು ತಿಳಿಯದು. ಅದರ ಈ ಕುರುಡುತನವೇ ಅದರ ಮೊದಲ ಗುಣ.

ಪರೀಕ್ಷೆಯೆಂಬುದು ಜೈನ ಪರಂಪರೆಗೆ ಅಪರಿಚಿತವೂ ಅಲ್ಲ. ಮಾಣಿಕ್ಯನಂದಿ ಆಚಾರ್ಯರ ನ್ಯಾಯಗ್ರಂಥದ ಹೆಸರೇ ‘ಪರೀಕ್ಷಾಮುಖ’. ಅದಕ್ಕೆ ಪ್ರಭಾಚಂದ್ರರು ‘ಪ್ರಮೇಯಕಮಲಮಾರ್ತಾಂಡ’ವೆಂಬ ವ್ಯಾಖ್ಯಾನ ಬರೆದರು. ವಿದ್ಯಾನಂದರು ‘ಆಪ್ತಪರೀಕ್ಷೆ’ಯನ್ನು ರಚಿಸಿದರು. ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಬಾಹ್ಯ ವೈಭವವನ್ನು ಲೆಕ್ಕಕ್ಕೆ ಹಿಡಿಯದೆ, ವಚನವು ಯುಕ್ತಿಗೆ ವಿರುದ್ಧವಾಗದಿರುವುದನ್ನೇ ಆಪ್ತನ ಲಕ್ಷಣವಾಗಿ ವಿಚಾರಿಸಿದರು. ಆಪ್ತನನ್ನೇ ಪರೀಕ್ಷಿಸಲು ಅಂಜದ ಪರಂಪರೆಯು ವಿದ್ಯಾರ್ಥಿಯನ್ನು ಪರೀಕ್ಷಿಸುವುದಕ್ಕೆ ಆಕ್ಷೇಪಿಸಲಾರದು. ಆದರೆ ಆ ಆಚಾರ್ಯರು ಪರೀಕ್ಷಿಸುವ ಮುನ್ನ ಒಂದು ಕೆಲಸ ಮಾಡಿದರು: ಪರೀಕ್ಷೆಯ ಸಾಧನವನ್ನೇ ಮೊದಲು ಪರೀಕ್ಷಿಸಿದರು. ಪ್ರಮಾಣವೆಂದರೇನು, ಅದರ ವಿಷಯವೇನು, ಅದರ ಆಭಾಸ ಯಾವುದು ಎಂದು ನಿರ್ಣಯಿಸಿ ಮುಂದುವರಿದರು. ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುವವರೂ ಅದೇ ಕ್ರಮವನ್ನು ಅನುಸರಿಸುವುದು ಯುಕ್ತ.

ಹಾಗಾದರೆ ಅಂಕ ಹೇಗೆ ಹುಟ್ಟುತ್ತದೆ? ಜಿ.ಆರ್.ಇ.ಯಲ್ಲಿ ಭಾಷಾಶಕ್ತಿ ಮತ್ತು ಗಣಿತಶಕ್ತಿ ಎಂಬ ಎರಡು ವಿಭಾಗಗಳಿಗೆ 130ರಿಂದ 170ರವರೆಗಿನ ಮಾಪಕವಿದೆ. 2011ರಿಂದ ಇದು ಬಳಕೆಯಲ್ಲಿದೆ. ಬರವಣಿಗೆಗೆ 0ಯಿಂದ 6. ಒಬ್ಬನು ಕೊಟ್ಟ ಉತ್ತರಗಳೆಲ್ಲವೂ ತಪ್ಪಾದರೂ 130 ದೊರೆಯುತ್ತದೆ. ಆದ್ದರಿಂದ 150 ಬಂದವನು ‘ನೂರೈವತ್ತರಷ್ಟು ಬಲ್ಲವನು’ ಎಂಬ ಮಾತಿಗೆ ಅರ್ಥವಿಲ್ಲ. ಮೊದಲ ಭಾಗದಲ್ಲಿ ಚೆನ್ನಾಗಿ ಉತ್ತರಿಸಿದವನಿಗೆ ಎರಡನೆಯ ಭಾಗದಲ್ಲಿ ಕಠಿಣವಾದ ಪ್ರಶ್ನೆಗಳು ಬರುತ್ತವೆ, ತಡವರಿಸಿದವನಿಗೆ ಸುಲಭವಾದವು. ಹೀಗೆ ಬೇರೆ ಬೇರೆ ಪ್ರಶ್ನೆಗಳನ್ನು ಕಂಡವರನ್ನು ಒಂದೇ ಮಾಪಕದಲ್ಲಿ ಕೂರಿಸಲು ಗಣಿತದ ಹೊಂದಾಣಿಕೆಯೊಂದು ನಡೆಯುತ್ತದೆ. ಅಂಕವೆಂಬುದು ಹೊಲದಲ್ಲಿ ಎಣಿಸಿದ ತೆನೆಗಳಂತೆ ಅಲ್ಲ, ಲೆಕ್ಕಾಚಾರದಿಂದ ನಿರ್ಮಿಸಿದ್ದು.

ಇನ್ನು ‘ಪರ್ಸೆಂಟೈಲ್’ ಎಂಬ ಪದ. ಇದನ್ನು ಶೇಕಡಾ ಅಂಕವೆಂದು ತಿಳಿಯುವ ಪಾಲಕರು ಬಹಳ. 90 ಪರ್ಸೆಂಟೈಲ್ ಎಂದರೆ ನೂರಕ್ಕೆ ತೊಂಬತ್ತು ಬಲ್ಲವನೆಂದಲ್ಲ. ಪರೀಕ್ಷೆ ಬರೆದ ನೂರರಲ್ಲಿ ಸುಮಾರು ತೊಂಬತ್ತು ಮಂದಿ ಇವನಿಗಿಂತ ಹಿಂದೆ ಇದ್ದಾರೆ ಎಂದಷ್ಟೇ. ಅದು ಜ್ಞಾನವನ್ನು ಹೇಳುವುದಿಲ್ಲ, ಸಾಲಿನಲ್ಲಿ ನಿಂತ ಜಾಗವನ್ನು ಹೇಳುತ್ತದೆ. 2023ರಲ್ಲಿ ವೈದ್ಯಕೀಯ ಸ್ನಾತಕೋತ್ತರ ಸೀಟುಗಳು ಖಾಲಿ ಉಳಿಯುತ್ತಿದ್ದುದರಿಂದ ನೀಟ್-ಪಿ.ಜಿ.ಯ ಅರ್ಹತಾ ಮಟ್ಟವನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಲಾಯಿತು. ಪರೀಕ್ಷೆ ಬರೆದವರೆಲ್ಲರೂ, ಸೊನ್ನೆಗಿಂತ ಕಡಿಮೆ ಅಂಕ ಬಂದವರೂ ಸಹ, ಸೀಟು ಕೋರಲು ಅರ್ಹರಾದರು. ಒಂದು ವಾರ ಮುಂಚೆ ‘ಅನರ್ಹ’ರಾಗಿದ್ದವರು ಒಂದು ಆದೇಶದಿಂದ ‘ಅರ್ಹ’ರಾದರು. ಅವರ ಜ್ಞಾನ ಆ ವಾರದಲ್ಲಿ ಹೆಚ್ಚಿರಲಿಲ್ಲ. ಗೆರೆ ಸರಿದಿತ್ತು. ಅರ್ಹತೆಯ ಗೆರೆಯು ವಸ್ತುವಿನಲ್ಲಿ ಇರುವುದಿಲ್ಲ, ವ್ಯವಹಾರದಲ್ಲಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಡ.

ಅದೇ ಪರೀಕ್ಷೆಯನ್ನು 2024ರಲ್ಲಿ ಎರಡು ಪಾಳಿಗಳಲ್ಲಿ ನಡೆಸಿ, ಎರಡು ಪ್ರಶ್ನೆಪತ್ರಿಕೆಗಳ ವ್ಯತ್ಯಾಸವನ್ನು ಲೆಕ್ಕದಿಂದ ಸರಿದೂಗಿಸಲಾಯಿತು. 2025ರಲ್ಲಿಯೂ ಹಾಗೆಯೇ ಮಾಡಹೊರಟಾಗ ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಯಾವ ಎರಡು ಪ್ರಶ್ನೆಪತ್ರಿಕೆಗಳೂ ಸಮಾನ ಕಷ್ಟದವೆಂದು ಹೇಳಲಾಗದು ಎಂಬ ಕಾರಣದಿಂದ ನ್ಯಾಯಾಲಯವು ಮೇ 30ರಂದು ಒಂದೇ ಪಾಳಿಯ ಪರೀಕ್ಷೆಗೆ ಆದೇಶಿಸಿತು. ಪರೀಕ್ಷೆ ಆಗಸ್ಟ್ 3ಕ್ಕೆ ಮುಂದೆ ಹೋಯಿತು. ತಕ್ಕಡಿ ಎರಡಾದರೆ ತೂಕದಲ್ಲಿ ಸಂಶಯ ಬರುತ್ತದೆಂಬ ಈ ವಿವೇಕ ವ್ಯಾಪಾರಿ ಮನೆತನಗಳಿಗೆ ಹೊಸದಲ್ಲ.

ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯು ತಾತ್ತ್ವಿಕವಾಗಿ ಇನ್ನೂ ಸ್ವಾರಸ್ಯವಾದದ್ದು. ಸಿ.ಯು.ಇ.ಟಿ.-ಪಿ.ಜಿ.ಯಲ್ಲಿ 75 ಪ್ರಶ್ನೆಗಳು. ಸರಿಯಾದ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಬಿಟ್ಟದ್ದಕ್ಕೆ ಸೊನ್ನೆ. ಗೇಟ್‌ನಲ್ಲಿ ಒಂದು ಅಂಕದ ಬಹುಆಯ್ಕೆ ಪ್ರಶ್ನೆ ತಪ್ಪಿದರೆ ಮೂರನೆಯ ಒಂದು ಅಂಶ ಕಡಿತ. ಪಿ.ಜಿ.ಸಿ.ಇ.ಟಿ.ಯ ಎಂ.ಬಿ.ಎ. ಪತ್ರಿಕೆಯಲ್ಲಿ 100 ಪ್ರಶ್ನೆಗಳಿಗೆ 100 ಅಂಕ, ಕಡಿತವೇ ಇಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಗುರುತಿಸುವವನಿಗೆ ಗೇಟ್‌ನಲ್ಲಿ ಸರಾಸರಿ ಲಾಭ ಸೊನ್ನೆ, ಸಿ.ಯು.ಇ.ಟಿ.ಯಲ್ಲಿ ಪ್ರತಿ ಪ್ರಶ್ನೆಗೆ ಕಾಲು ಅಂಕ; ಪಿ.ಜಿ.ಸಿ.ಇ.ಟಿ.ಯಲ್ಲಿಯೂ ಕಾಲು ಅಂಕ, ಅಲ್ಲಿ ನಷ್ಟದ ಭಯವೂ ಇಲ್ಲ. ಒಬ್ಬನೇ ವಿದ್ಯಾರ್ಥಿ, ಒಂದೇ ಅರಿವು, ಮೂರು ಪರೀಕ್ಷೆಗಳಲ್ಲಿ ಮೂರು ಬಗೆಯ ನಡತೆಯನ್ನು ತೋರಬೇಕಾಗುತ್ತದೆ.

ಜೈನ ನ್ಯಾಯದಲ್ಲಿ ಸಂಶಯ, ವಿಪರ್ಯಯ, ಅನಧ್ಯವಸಾಯ ಎಂಬ ಮೂರು ದೋಷಗಳನ್ನು ಪ್ರಮಾಣದಿಂದ ಬೇರ್ಪಡಿಸುತ್ತಾರೆ. ಹಗ್ಗವೋ ಹಾವೋ ಎಂದು ತೂಗಾಡುವುದು ಸಂಶಯ. ಹಗ್ಗವನ್ನು ಹಾವೆಂದೇ ನಿಶ್ಚಯಿಸುವುದು ವಿಪರ್ಯಯ. ಕಾಲಿಗೆ ಏನೋ ತಾಗಿತೆಂದು ಗಮನಿಸದೆ ನಡೆಯುವುದು ಅನಧ್ಯವಸಾಯ. ಬಿಟ್ಟ ಪ್ರಶ್ನೆಗೆ ಸೊನ್ನೆ ಕೊಟ್ಟು, ತಪ್ಪು ಉತ್ತರಕ್ಕೆ ಕಡಿತ ಮಾಡುವ ಪರೀಕ್ಷೆಯು ವಿಪರ್ಯಯವು ಸಂಶಯಕ್ಕಿಂತ ಕೆಟ್ಟದ್ದೆಂದು ಒಪ್ಪಿಕೊಂಡಂತೆ. ಈ ಒಂದು ವಿಷಯದಲ್ಲಿ ಅದು ಶಾಸ್ತ್ರದ ಬದಿಗಿದೆ. ಆದರೆ ಊಹಿಸಿ ಸರಿಯಾದ ಉತ್ತರ ಗುರುತಿಸಿದವನನ್ನೂ ತಿಳಿದು ಗುರುತಿಸಿದವನನ್ನೂ ಅದು ಬೇರೆ ಮಾಡಲಾರದು. ನಿಶ್ಚಯವಿಲ್ಲದೆ ತಾಗಿದ ಸತ್ಯವನ್ನು ನ್ಯಾಯಶಾಸ್ತ್ರ ಪ್ರಮಾಣವೆನ್ನದು. ಯಂತ್ರವು ಅದಕ್ಕೂ ನಾಲ್ಕು ಅಂಕ ಕೊಡುತ್ತದೆ. (ಊಹಿಸಿ ಬರೆಯುವುದು ಸತ್ಯಾಣುವ್ರತಕ್ಕೆ ಭಂಗವೇ ಎಂಬ ಶಂಕೆ ಕೆಲವರಿಗೆ ಬರಬಹುದು. ನಿಯಮವೇ ಅವಕಾಶ ಕೊಟ್ಟಿರುವಲ್ಲಿ, ಯಾರೂ ಮೋಸಹೋಗದಿರುವಲ್ಲಿ, ಅದನ್ನು ಅನೃತವೆನ್ನುವುದು ಅತಿಯಾದೀತು.)

ಕೊಡಂಬಲದ ಆ ಇಬ್ಬರ ಉತ್ತರಗಳನ್ನು ಈ ಬೆಳಕಿನಲ್ಲಿ ನೋಡಬಹುದು. ಮೊದಲನೆಯವನು 68 ಪ್ರಶ್ನೆಗಳಿಗೆ ಉತ್ತರಿಸಿದ್ದು, ಅವುಗಳಲ್ಲಿ 56 ಸರಿ, 12 ತಪ್ಪು ಎಂದಿಟ್ಟುಕೊಂಡರೆ 224ರಲ್ಲಿ 12 ಕಳೆದು 212. ಎರಡನೆಯವಳು 49ಕ್ಕೆ ಉತ್ತರಿಸಿ, 44 ಸರಿ, 5 ತಪ್ಪು ಆಗಿ, 26 ಪ್ರಶ್ನೆಗಳನ್ನು ಖಾಲಿ ಬಿಟ್ಟಿದ್ದರೆ 176ರಲ್ಲಿ 5 ಕಳೆದು 171. ಈಗ ಚಿತ್ರ ಬದಲಾಗುತ್ತದೆ. ಮುಟ್ಟಿದ ಪ್ರಶ್ನೆಗಳಲ್ಲಿ ಅವಳ ಉತ್ತರ ಹತ್ತರಲ್ಲಿ ಒಂಬತ್ತು ಸರಿ. ಅವನದು ಹತ್ತರಲ್ಲಿ ಎಂಟರ ಆಸುಪಾಸು. ಅವಳ ಕೊರತೆ ಇರುವುದು ತಪ್ಪು ತಿಳಿವಿನಲ್ಲಿ ಅಲ್ಲ, ಮುಟ್ಟದೆ ಉಳಿದ 26 ಪ್ರಶ್ನೆಗಳಲ್ಲಿ. 2025ರಲ್ಲಿ ಈ ಪರೀಕ್ಷೆಗೆ ಇದ್ದ ಕಾಲ 90 ನಿಮಿಷ, ಅಂದರೆ ಪ್ರಶ್ನೆಯೊಂದಕ್ಕೆ 72 ಸೆಕೆಂಡು. ಪ್ರಶ್ನೆಪತ್ರಿಕೆ ಭಾಷಾವಿಷಯಗಳನ್ನು ಬಿಟ್ಟರೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಕಲಿತು, ಕನ್ನಡದಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ಓದಿಕೊಳ್ಳುವವಳಿಗೆ ಆ 72 ಸೆಕೆಂಡುಗಳಲ್ಲಿ ಎಷ್ಟು ಉಳಿಯುತ್ತದೆ? ಅವಳಿಗೆ ವಿಷಯ ತಿಳಿಯದೆ ಹೋಯಿತೋ, ಪ್ರಶ್ನೆ ಓದಿ ಮುಗಿಯದೆ ಹೋಯಿತೋ ಎಂಬುದನ್ನು 171 ಎಂಬ ಸಂಖ್ಯೆ ಹೇಳುವುದಿಲ್ಲ. ಬೀದರ ಸೀಮೆಯಂತಹ ಗಡಿನಾಡಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ನಾಲ್ಕು ಭಾಷೆಗಳಲ್ಲಿ ವ್ಯವಹರಿಸಬಲ್ಲ ಹುಡುಗಿ ಐದನೆಯ ಭಾಷೆಯ ವೇಗದಲ್ಲಿ ಸೋತಳು ಎಂಬುದೂ ಆ ಸಂಖ್ಯೆಗೆ ತಿಳಿಯದು. ಸಮವಸರಣದಲ್ಲಿ ದಿವ್ಯಧ್ವನಿಯು ಪ್ರತಿಯೊಂದು ಜೀವಿಗೂ ಅದರದೇ ಭಾಷೆಯಲ್ಲಿ ಕೇಳಿಸುತ್ತಿತ್ತೆಂದು ಪುರಾಣಗಳು ಹೇಳುತ್ತವೆ. ರಾಷ್ಟ್ರಮಟ್ಟದ ಪರೀಕ್ಷೆಯಿಂದ ಅಷ್ಟನ್ನು ಅಪೇಕ್ಷಿಸುವುದು ಸಲ್ಲದು. ಹಾಗೆ ಕೇಳಿಸದ ಕಡೆ ಕೇಳಿಸಲಿಲ್ಲವೆಂದು ನೆನಪಿಟ್ಟುಕೊಂಡರೆ ಸಾಕು.

ಏಳು ನಯಗಳಲ್ಲಿ ಋಜುಸೂತ್ರವೆಂಬುದೊಂದು. ಅದು ವಸ್ತುವಿನ ವರ್ತಮಾನ ಪರ್ಯಾಯವನ್ನು ಮಾತ್ರ ಹಿಡಿಯುತ್ತದೆ; ನಿನ್ನೆಯನ್ನೂ ನಾಳೆಯನ್ನೂ ಕೇಳುವುದಿಲ್ಲ. ಪ್ರವೇಶ ಪರೀಕ್ಷೆಯ ಅಂಕಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಆ ದಿನ, ಆ ಕೊಠಡಿಯಲ್ಲಿ, ಆ ಭಾಷೆಯಲ್ಲಿ, ಆ ತೊಂಬತ್ತು ನಿಮಿಷಗಳಲ್ಲಿ ವಿದ್ಯಾರ್ಥಿಯು ತೋರಿದ ಪರ್ಯಾಯವನ್ನು ಅದು ನಿಷ್ಠೆಯಿಂದ ಹೇಳುತ್ತದೆ. ಅಷ್ಟರಮಟ್ಟಿಗೆ ಅದು ಸತ್ಯ. ಆದರೆ ಪರ್ಯಾಯವು ದ್ರವ್ಯವಲ್ಲ. ಋಜುಸೂತ್ರವೊಂದನ್ನೇ ಹಿಡಿದು ಉಳಿದುದನ್ನು ಅಲ್ಲಗಳೆದರೆ ಕ್ಷಣಿಕವಾದ ಬರುತ್ತದೆ ಎಂದು ಜೈನ ತಾರ್ಕಿಕರು ಬೌದ್ಧರೊಡನೆ ಶತಮಾನಗಳ ಕಾಲ ವಾದಿಸಿದರು. ಅಂತಹ ವಾದವನ್ನು ಗೆದ್ದೆವೆಂದು ನಂಬುವ ಸಮಾಜವು ಮಗನ ಅಂಕಪಟ್ಟಿಯ ಮುಂದೆ ಕುಳಿತಾಗ ತಾನೇ ಕ್ಷಣಿಕವಾದಿಯಾಗುವುದು ವಿಚಿತ್ರ. ‘ಇವನಿಗೆ ಇಷ್ಟು ಬಂದಿತು’ ಎಂಬ ವಾಕ್ಯ ‘ಇವನು ಇಷ್ಟೇ’ ಎಂಬ ವಾಕ್ಯವಾಗಿ ಬದಲಾಗಲು ಒಂದು ಮಧ್ಯಾಹ್ನದ ಊಟದ ಹೊತ್ತು ಸಾಕಾಗುತ್ತದೆ. ಜ್ಞಾನಾವರಣ ಕರ್ಮದ ಕ್ಷಯೋಪಶಮದಲ್ಲಿ ತಾರತಮ್ಯವಿದೆ, ಅದು ಏರುತ್ತದೆ, ಇಳಿಯುತ್ತದೆ ಎಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಮನೆಗಳಲ್ಲಿಯೇ ಇದು ನಡೆಯುತ್ತದೆ.

ಪರೀಕ್ಷೆಯನ್ನು ರಚಿಸುವವರು ಇಂತಹ ಏಕಾಂತಕ್ಕೆ ಬಿದ್ದಿಲ್ಲವೆಂಬುದು ಗಮನಾರ್ಹ. ಇ.ಟಿ.ಎಸ್. ಸಂಸ್ಥೆಯು ಜಿ.ಆರ್.ಇ. ಅಂಕದೊಡನೆ ಅಳತೆಯ ದೋಷಾವಕಾಶವನ್ನೂ ಪ್ರಕಟಿಸುತ್ತದೆ. ಅಲ್ಪ ಅಂತರಗಳನ್ನು ದೊಡ್ಡದು ಮಾಡಬೇಡಿರೆಂದೂ, ಅಂಕವೊಂದನ್ನೇ ಪ್ರವೇಶದ ಏಕೈಕ ಆಧಾರವಾಗಿಸಬೇಡಿರೆಂದೂ ವಿಶ್ವವಿದ್ಯಾಲಯಗಳಿಗೆ ಸೂಚಿಸುತ್ತದೆ. ಅಂದರೆ ಅಂಕವು ಕಾರ್ಖಾನೆಯಿಂದ ‘ಸ್ಯಾತ್’ ಎಂಬ ಮುದ್ರೆಯೊಡನೆಯೇ ಹೊರಡುತ್ತದೆ. ದಾರಿಯಲ್ಲಿ ಆ ಮುದ್ರೆ ಉದುರಿಹೋಗುತ್ತದೆ. 2017ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಜೀವವೈದ್ಯಕೀಯ ಸಂಶೋಧನಾ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಜಿ.ಆರ್.ಇ. ಅಂಕವು ಮೊದಲ ಅವಧಿಯ ತರಗತಿ ಅಂಕಗಳನ್ನು ಸ್ವಲ್ಪಮಟ್ಟಿಗೆ ಮುನ್ಸೂಚಿಸಿತು; ಯಾರು ಸಂಶೋಧನೆ ಮುಗಿಸಿ ಪದವಿ ಪಡೆಯುವರೆಂಬುದನ್ನು ಮುನ್ಸೂಚಿಸಲಿಲ್ಲ. ಆ ಅಧ್ಯಯನಕ್ಕೆ ಒಳಪಟ್ಟವರು ಆಗಲೇ ಪ್ರವೇಶ ಪಡೆದಿದ್ದವರು ಮಾತ್ರ, ಆದ್ದರಿಂದ ಅದರ ನಿಷ್ಕರ್ಷೆಯೂ ಒಂದು ನಯವೇ. ಆದರೂ ಪರೀಕ್ಷೆ ಹತ್ತಿರದ್ದನ್ನು ಕಾಣುತ್ತದೆ, ದೂರದ್ದನ್ನು ಕಾಣದು ಎಂಬ ಮಾತಿಗೆ ಅದು ಪುಷ್ಟಿ ಕೊಡುತ್ತದೆ. ಅಮೆರಿಕದ ಅನೇಕ ವಿಭಾಗಗಳು ಅನಂತರದ ವರ್ಷಗಳಲ್ಲಿ ಜಿ.ಆರ್.ಇ.ಯನ್ನು ಕಡ್ಡಾಯದಿಂದ ಬಿಟ್ಟವು.

ಅಳತೆಯ ನೀತಿಯ ಕುರಿತು ಶ್ರಾವಕಾಚಾರವು ಮೌನವಾಗಿಲ್ಲ. ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೆಸರಿಸುತ್ತದೆ. ವ್ಯಾಪಾರಿಗಳನ್ನು ಮನದಲ್ಲಿಟ್ಟುಕೊಂಡು ಹೇಳಿದಂತಿರುವ ಅವು ಪರೀಕ್ಷಾ ಕೊಠಡಿಗೆ ಆಶ್ಚರ್ಯವಾಗುವಷ್ಟು ಸಲ್ಲುತ್ತವೆ. ಕಳವಿಗೆ ಪ್ರೇರಿಸುವುದು ಸ್ತೇನಪ್ರಯೋಗ. ಕದ್ದದ್ದನ್ನು ಕೊಳ್ಳುವುದು ತದಾಹೃತಾದಾನ, ಸೋರಿದ ಪ್ರಶ್ನೆಪತ್ರಿಕೆಯನ್ನು ಹಣ ಕೊಟ್ಟು ತರುವ ತಂದೆಗೆ ಬೇರೆ ಹೆಸರು ಬೇಕಾಗಿಲ್ಲ. ರಾಜ್ಯದ ಕಟ್ಟಳೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಅಸಲಿಯ ಜಾಗದಲ್ಲಿ ನಕಲಿಯನ್ನು ನಡೆಸುವುದು ಪ್ರತಿರೂಪಕ ವ್ಯವಹಾರ; ಒಬ್ಬನ ಹೆಸರಿನಲ್ಲಿ ಇನ್ನೊಬ್ಬನು ಕುಳಿತು ಬರೆಯುವುದು ಇದೇ. ಸಾರ್ವಜನಿಕ ಪರೀಕ್ಷೆಗಳಲ್ಲಿ ಅಕ್ರಮವನ್ನು ತಡೆಯುವ ಕೇಂದ್ರದ ಕಾಯಿದೆ 2024ರ ಜೂನ್ 21ರಂದು ಜಾರಿಗೆ ಬಂದಿತು. ಸಂಘಟಿತ ಅಪರಾಧಕ್ಕೆ 10 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅದೇ ತಿಂಗಳ 18ರಂದು ನಡೆದ ಯು.ಜಿ.ಸಿ.-ನೆಟ್ ಪರೀಕ್ಷೆಯನ್ನು, ಪ್ರಶ್ನೆಪತ್ರಿಕೆ ಸೋರಿದೆಯೆಂಬ ಶಂಕೆಯಿಂದ, ಮರುದಿನವೇ ರದ್ದುಗೊಳಿಸಲಾಗಿತ್ತು. ಬರೆದವರು ಒಂಬತ್ತು ಲಕ್ಷಕ್ಕೂ ಹೆಚ್ಚು. ಸೋರಿಕೆಯ ಸಾಕ್ಷಿಯೆಂದು ಹರಡಿದ್ದ ಚಿತ್ರವು ತಿದ್ದಿದ್ದಾಗಿತ್ತೆಂದು ಸಿ.ಬಿ.ಐ. ತನಿಖೆ ಬಳಿಕ ಕಂಡುಕೊಂಡಿತು. ಕಳ್ಳತನ ನಡೆಯದೆಯೂ ಕಳ್ಳತನದ ಸುಳ್ಳು ಸುದ್ದಿಯೊಂದು ಒಂಬತ್ತು ಲಕ್ಷ ಮಂದಿಯ ತಿಂಗಳುಗಳ ಶ್ರಮವನ್ನು ಕೆಡಿಸಿತು. ಅಸತ್ಯವು ಹಿಂಸೆಯಾಗುವುದು ಹೇಗೆಂದು ಉಪನ್ಯಾಸಗಳಲ್ಲಿ ಕೇಳುವ ಮಕ್ಕಳಿಗೆ ಈ ಒಂದು ಪ್ರಸಂಗವನ್ನು ಹೇಳಬಹುದು.

ಉಳಿದ ಅತಿಚಾರ ‘ಹೀನಾಧಿಕ ಮಾನೋನ್ಮಾನ’: ಕೊಡುವಾಗ ಕಡಿಮೆ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ. ಇದು ಪರೀಕ್ಷೆ ಬರೆಯುವವರಿಗಿಂತ ಅಂಕವನ್ನು ಬಳಸುವವರಿಗೆ ಹೆಚ್ಚು ಸಂಬಂಧಿಸಿದ್ದು. ಬಟ್ಟೆಯನ್ನು ಸೇರಿನಲ್ಲಿ ಅಳೆಯುವ ಅಂಗಡಿಕಾರನ ಸೇರು ಸರಿಯಾಗಿಯೇ ಇರಬಹುದು. ವ್ಯವಹಾರ ಮಾತ್ರ ಸರಿಯಲ್ಲ. ವಿಶ್ವವಿದ್ಯಾಲಯಕ್ಕೆ ಬೇಕಾದದ್ದು ಆ ವರ್ಷ ಆ ಪಾಠವನ್ನು ಹಿಡಿಯಬಲ್ಲವರು ಯಾರೆಂಬ ತಿಳಿವಳಿಕೆ. ಅದಕ್ಕೆ ಪರೀಕ್ಷೆಯನ್ನು ರೂಪಿಸಲಾಗಿದೆ. ಟ್ರಸ್ಟಿಗೆ ಬೇಕಾದದ್ದು ತನ್ನ ಹಣವಿಲ್ಲದಿದ್ದರೆ ಯಾರ ಓದು ನಿಲ್ಲುತ್ತದೆ ಎಂಬ ತಿಳಿವಳಿಕೆ. ಅದಕ್ಕೆ ಈ ಪರೀಕ್ಷೆಯನ್ನು ಯಾರೂ ರೂಪಿಸಿಲ್ಲ. ಒಂದು ಪ್ರಶ್ನೆಗಾಗಿ ಮಾಡಿದ ಅಳತೆಯನ್ನು ಇನ್ನೊಂದು ಪ್ರಶ್ನೆಗೆ ಹಚ್ಚುವಾಗ ಸದುದ್ದೇಶವಿದ್ದರೂ ಅಳತೆ ತಪ್ಪುತ್ತದೆ. ಗೇಟ್‌ನಲ್ಲಿ ಅರ್ಹತೆ ಪಡೆದು ಎಂ.ಟೆಕ್. ಸೇರಿದವನಿಗೆ ತಿಂಗಳಿಗೆ 12,400 ರೂಪಾಯಿಯ ವೇತನ ಸರಕಾರದಿಂದ ಬರುವ ವ್ಯವಸ್ಥೆಯಿದೆ. ಅಂಥವನನ್ನೇ ಹುಡುಕಿ ಶಾಲು ಹೊದಿಸಿ ಇನ್ನಷ್ಟು ಕೊಡುವುದು ಸನ್ಮಾನವಾದೀತು, ಶಾಸ್ತ್ರದಾನವೆನ್ನಲು ಯೋಚಿಸಬೇಕು. ಅದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತ, ಅಂಕ ಬಾರದ ಹುಡುಗನ ಮುಖವನ್ನು ವೇದಿಕೆಯ ಮೇಲಿನವರು ಒಮ್ಮೆ ನೋಡಿದರೆ ಚತುರ್ದಾನಗಳಲ್ಲಿ ಅಭಯದಾನವನ್ನು ಏಕೆ ಸೇರಿಸಿದ್ದಾರೆಂಬುದು ಹೊಳೆಯಬಹುದು.

ಅಂಕವನ್ನು ಸ್ಥಳ, ಸನ್ನಿವೇಶಗಳ ಅಪೇಕ್ಷೆಯಿಂದ ಓದುವುದು ಅರ್ಹತೆಗೆ ಮಾಡಿದ ಅಪಚಾರವೆಂದು ಕೆಲವರು ವಾದಿಸುತ್ತಾರೆ. ಆದರೆ ರಾಜ್ಯವೇ ಹಾಗೆ ಓದುತ್ತಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅನುಸಾರ ಬೀದರ, ಕಲಬುರಗಿ ಮೊದಲಾದ ಜಿಲ್ಲೆಗಳಿಗೆ, ಅಂದರೆ ಇಂದಿನ ಕಲ್ಯಾಣ ಕರ್ನಾಟಕಕ್ಕೆ, 2013ರಿಂದ ಶಿಕ್ಷಣದಲ್ಲಿ ಸ್ಥಳೀಯರ ಮೀಸಲಾತಿ ಇದೆ. ಈ ಪ್ರದೇಶದಲ್ಲಿ ಬೆಳೆದವನ ಅಂಕವನ್ನು ಈ ಪ್ರದೇಶದ ಹಿನ್ನೆಲೆಯಲ್ಲಿ ನೋಡಬೇಕೆಂಬುದು ಅದರ ತಾತ್ಪರ್ಯ. ಮೀಸಲಾತಿಯ ಒಳಗೂ ಸ್ಥಾನ ನಿರ್ಣಯವಾಗುವುದು ಅಂಕದಿಂದಲೇ. ಅಂಕವನ್ನು ಅದು ತೆಗೆದುಹಾಕಲಿಲ್ಲ, ಅದರ ಮುಂದೆ ಒಂದು ‘ಸ್ಯಾತ್’ ಸೇರಿಸಿತು. ಇದೇ ಸೀಮೆಯಲ್ಲಿ, ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದ ಮಳಖೇಡದಿಂದ, ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನು ಆಳಿದನು; ಅವನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದ ಆ ಗಣಿತಜ್ಞರ ನಾಡಿನ ಮಕ್ಕಳಿಗೆ ಗಣಿತಶಕ್ತಿಯಿಲ್ಲವೆಂದು ಒಂದು ಅಂಕಪಟ್ಟಿಯಿಂದ ತೀರ್ಮಾನಿಸುವ ಮುನ್ನ ಯಾರಾದರೂ ಎರಡು ಬಾರಿ ಯೋಚಿಸಿಯಾರು.

ಕೊಡಂಬಲದ ಆ ಎರಡು ಅರ್ಜಿಗಳು ಟ್ರಸ್ಟಿನ ಮೇಜಿನ ಮೇಲೆ ಮತ್ತೆ ಬಂದರೆ ಏನಾಗಬೇಕು? ಪರೀಕ್ಷೆ ನಡೆಸುವ ಸಂಸ್ಥೆಯು ಅಭ್ಯರ್ಥಿ ಗುರುತಿಸಿದ ಉತ್ತರಗಳನ್ನೂ ಸರಿಯುತ್ತರಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ. ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ಖಾಲಿ ಎಂದು ಅರ್ಜಿಯಲ್ಲಿ ಕೇಳಲು ಮೂರು ಕಾಲಂ ಸಾಕು. ಓದಿನ ಮಾಧ್ಯಮಕ್ಕೆ ಒಂದು ಕಾಲಂ, ತರಬೇತಿಗೆ ಖರ್ಚಾದ ಹಣಕ್ಕೆ ಒಂದು, ನೆರವು ದೊರೆಯದಿದ್ದರೆ ಏನು ಮಾಡುವಿರಿ ಎಂಬುದಕ್ಕೆ ನಾಲ್ಕು ಸಾಲಿನ ಜಾಗ. ಈ ಕೊನೆಯ ಪ್ರಶ್ನೆಗೆ ಮೊದಲನೆಯವನು ‘ತಂದೆ ಕಟ್ಟುವರು’ ಎಂದೂ, ಎರಡನೆಯವಳು ‘ಅಂಗಡಿಯಲ್ಲಿ ಉಳಿಯುವೆನು’ ಎಂದೂ ಬರೆದರೆ ಠರಾವು ತಾನಾಗಿಯೇ ಬರೆಯಿಸಿಕೊಳ್ಳುತ್ತದೆ. ಅವನ 212ಕ್ಕೆ ಇದರಿಂದ ಯಾವ ಕುಂದೂ ಬಾರದು. ಅವನಿಗೆ ಸೀಟನ್ನು ಅದು ಆಗಲೇ ದೊರಕಿಸಿಕೊಟ್ಟಿದೆ. ಇನ್ನೊಂದು ಮಾರ್ಗವೂ ಇದೆ. ಫಲಿತಾಂಶದ ನಂತರ ಬಹುಮಾನ ಕೊಡುವ ಹಣದಲ್ಲಿ ಸ್ವಲ್ಪವನ್ನು ಪರೀಕ್ಷೆಯ ಮುಂಚೆ ಖರ್ಚು ಮಾಡಬಹುದು: ಅರ್ಜಿಯ ಶುಲ್ಕ, ಹಳೆಯ ಪ್ರಶ್ನೆಪತ್ರಿಕೆಗಳು, ಗಡಿಯಾರ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಓದುವ ಅಭ್ಯಾಸಕ್ಕೆ ಬೇಸಿಗೆಯಲ್ಲಿ ಬಸದಿಯ ಸಭಾಮಂಟಪದ ಒಂದು ಮೂಲೆ, ಪರೀಕ್ಷಾ ಕೇಂದ್ರ ಕಲಬುರಗಿಗೋ ಹೈದರಾಬಾದಿಗೋ ಬಿದ್ದರೆ ಹೋಗಿಬರುವ ಬಸ್ಸಿನ ದರ, ಹಿಂದಿನ ರಾತ್ರಿ ತಂಗಲು ಅಲ್ಲಿನ ಯಾವುದಾದರೂ ಶ್ರಾವಕರ ಮನೆಯ ವಿಳಾಸ.